‘ಕಿಟ್ಟೆಲ್’ ಎಂದರೇನು? – ಒಂದು ಅಡ್ಡಹೆಸರಿನ ಚರಿತ್ರೆ



ಕಲಬುರಗಿಯ ಸೇಡಂ ರಸ್ತೆಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಒಮ್ಮೆ ನಿಂತು ನೋಡಿ. ಕಮಲಾಪುರದ ಕಡೆಯಿಂದ, ಚಿತ್ತಾಪುರದ ಕಡೆಯಿಂದ ಬಂದಿಳಿದ ಹುಡುಗ ಹುಡುಗಿಯರು ಕೈಯಲ್ಲಿ ಪುಸ್ತಕ ಹಿಡಿದು ಅವಸರದಲ್ಲಿ ನಡೆದಿರುತ್ತಾರೆ. ಕೆಲವರು ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣಕ್ಕೆ ಹೋಗುವವರು, ಕೆಲವರು ವೈದ್ಯಕೀಯ ಕಾಲೇಜಿಗೆ ಹೋಗುವವರು. ಇವರಲ್ಲಿ ಅನೇಕರ ತೋಳಿನ ಮೇಲೆ ಮಡಿಸಿಟ್ಟ ಒಂದು ಬಿಳಿಯ ಕೋಟು ಇರುತ್ತದೆ. ಪ್ರಯೋಗಾಲಯದಲ್ಲಿ ಆಮ್ಲ ಸಿಡಿಯಬಾರದೆಂದು, ವಾರ್ಡಿನಲ್ಲಿ ಬಟ್ಟೆ ಕೊಳೆಯಾಗಬಾರದೆಂದು ಮೇಲೆ ತೊಡುವ ಕೋಟು ಅದು.

ಈ ಕೋಟಿಗೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೆ, ನಿಮಗೆ ಗೊತ್ತೆ? ‘ಕಿಟ್ಟೆಲ್’ ಎನ್ನುತ್ತಾರೆ.

ಹೌದು, ನೀವು ನೆನಪಿಸಿಕೊಂಡ ಅದೇ ಹೆಸರು. ನಮ್ಮ ಗ್ರಂಥಾಲಯಗಳ ಉಲ್ಲೇಖ ವಿಭಾಗದಲ್ಲಿ ಕುಳಿತಿರುವ ದಪ್ಪ ನಿಘಂಟಿನ ಹೆಸರು. ಧಾರವಾಡದಲ್ಲಿ ಒಂದು ಕಾಲೇಜಿನ ಹೆಸರು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ನಿಂತಿರುವ ಪ್ರತಿಮೆಯ ಹೆಸರು. ನಮ್ಮ ಭಾಷೆಯ ಎಪ್ಪತ್ತು ಸಾವಿರದಷ್ಟು ಪದಗಳಿಗೆ ಅರ್ಥ ಬರೆದ ಮನುಷ್ಯನ ಸ್ವಂತ ಹೆಸರಿನ ಅರ್ಥವೇನೆಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡಿದ್ದೇವೆ? ಈ ಪುಟಗಳಲ್ಲಿ ಆ ಪ್ರಶ್ನೆಯನ್ನು ಕೇಳೋಣ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಈ ಲೇಖನ ಹುಟ್ಟಿದ್ದೇ ಆ ತಪ್ಪಿನಿಂದ.

ಒಂದು ಕಾರ್ಡಿನ ಕಥೆ

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಪದವಿ ತರಗತಿಯಲ್ಲಿ ಘನಸ್ಥಿತಿ ಭೌತಶಾಸ್ತ್ರ ಓದುವಾಗ ನಮ್ಮ ಅಧ್ಯಾಪಕರು ಸದಾ ‘ಕಿಟ್ಟೆಲ್ ನೋಡಿರಿ, ಕಿಟ್ಟೆಲ್ ನೋಡಿರಿ’ ಎನ್ನುತ್ತಿದ್ದರು. ಅವರು ಹೇಳುತ್ತಿದ್ದುದು ನಿಘಂಟಿನ ಮಾತಲ್ಲ. ಅದು ಚಾರ್ಲ್ಸ್ ಕಿಟ್ಟೆಲ್ ಎಂಬ ಅಮೆರಿಕದ ವಿಜ್ಞಾನಿ ಬರೆದ ಪಠ್ಯಪುಸ್ತಕ. 1953 ರಲ್ಲಿ ಮೊದಲು ಅಚ್ಚಾದ ಆ ಪುಸ್ತಕವನ್ನು ಜಗತ್ತಿನಾದ್ಯಂತ ಲಕ್ಷಾಂತರ ವಿದ್ಯಾರ್ಥಿಗಳು ಓದಿದ್ದಾರೆ. ಅದೇ ಗ್ರಂಥಾಲಯದ ಇನ್ನೊಂದು ಕಪಾಟಿನಲ್ಲಿ ರೆವರೆಂಡ್ ಎಫ್. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇತ್ತು. ಇಬ್ಬರೂ ಒಂದೇ ಮನೆತನದವರು, ತಾತ ಭಾಷೆಗೆ ದುಡಿದ, ಮೊಮ್ಮಗ ವಿಜ್ಞಾನಕ್ಕೆ ದುಡಿದ ಎಂದು ನಾನು ಮನಸ್ಸಿನಲ್ಲೇ ನಂಟು ಬೆಸೆದುಕೊಂಡೆ. ಯಾರನ್ನೂ ಕೇಳಲಿಲ್ಲ. ಕತೆ ಬಹಳ ಚೆನ್ನಾಗಿತ್ತು, ಅಷ್ಟೇ.

ಮುಂದೆ ದೂರದರ್ಶನಕ್ಕೆ ಬಂದು ಕಾರ್ಯಕ್ರಮ ನಿರ್ಮಾಪಕನಾದೆ. ಒಂದು ರಸಪ್ರಶ್ನೆ ಕಾರ್ಯಕ್ರಮಕ್ಕೆ ನಾನೇ ಪ್ರಶ್ನೆ ಬರೆದೆ: ‘ಕನ್ನಡ ನಿಘಂಟುಕಾರರೊಬ್ಬರ ಮನೆತನಕ್ಕೆ ಸೇರಿದ ಪ್ರಸಿದ್ಧ ಭೌತವಿಜ್ಞಾನಿ ಯಾರು?’ ಕಾರ್ಯಕ್ರಮ ಪ್ರಸಾರವಾಯಿತು. ವಾರ ಕಳೆಯುವುದರೊಳಗೆ ನಿವೃತ್ತ ಮೇಷ್ಟ್ರೊಬ್ಬರ ಅಂಚೆ ಕಾರ್ಡು ಬಂತು. ಬೈಗುಳ ಇರಲಿಲ್ಲ. ‘ಅಡ್ಡಹೆಸರು ಒಂದೇ ಎಂಬುದರ ಹೊರತು ಬೇರೆ ಆಧಾರವೇನಾದರೂ ನಿಮ್ಮಲ್ಲಿ ಉಂಟೆ? ನಮ್ಮ ಊರಿನ ಪಾಟೀಲರೆಲ್ಲ ಒಂದೇ ಮನೆಯವರೆ?’ ಎಂದು ಕೇಳಿದ್ದರು.

ನನ್ನ ಬಳಿ ಆಧಾರ ಇರಲಿಲ್ಲ. ಪ್ರಯೋಗವಿಲ್ಲದೆ ಫಲಿತಾಂಶ ಬರೆಯಬಾರದೆಂದು ಕಲಿತವನು ನಾನು. ಅದೇ ನಿಯಮ ಚರಿತ್ರೆಗೂ ಅನ್ವಯಿಸುತ್ತದೆ ಎಂಬುದನ್ನು ಮರೆತಿದ್ದೆ. ಮುಂದಿನ ಕಂತಿನಲ್ಲಿ ತಿದ್ದುಪಡಿ ಹೇಳಿಸಿದೆವು. ಆ ಕಾರ್ಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಯಾರು ಈ ಕಿಟ್ಟೆಲ್?

ಫರ್ಡಿನೆಂಡ್ ಕಿಟ್ಟೆಲ್ 1832 ರಲ್ಲಿ ಹುಟ್ಟಿದರು. ಊರು ರೆಸ್ಟರ್‌ಹಾಫೆ. ಅದು ಜರ್ಮನಿಯ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರದ ದಂಡೆಗೆ ಹತ್ತಿರವಿರುವ ಪೂರ್ವ ಫ್ರಿಸಿಯಾ ಎಂಬ ಪ್ರಾಂತದ ಹಳ್ಳಿ. ತಂದೆ ಪಾದ್ರಿಗಳು. ಕಿಟ್ಟೆಲ್ಲರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ನಿನ ತರಬೇತಿ ಪಡೆದು 1853 ರಲ್ಲಿ ಭಾರತಕ್ಕೆ ಬಂದರು. ಬಂದದ್ದು ಕ್ರೈಸ್ತಮತ ಪ್ರಚಾರಕ್ಕೆ. ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆದರೆ ಜನರೊಡನೆ ಮಾತಾಡಲು ಕಲಿತ ಭಾಷೆ ಅವರನ್ನೇ ಹಿಡಿದಿಟ್ಟುಕೊಂಡಿತು. ಹುಬ್ಬಳ್ಳಿ, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಹಳಗನ್ನಡ ಓದಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872 ರಲ್ಲೂ, ನಾಗವರ್ಮನ ‘ಛಂದೋಂಬುಧಿ’ಯನ್ನು 1875 ರಲ್ಲೂ ಸಂಪಾದಿಸಿ ಪ್ರಕಟಿಸಿದರು. ಕನ್ನಡ ಪಂಡಿತರ ನೆರವಿನಿಂದ, ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಅವರ ನಿಘಂಟು 1894 ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಣಾಲಯದಿಂದ ಹೊರಬಂತು. ಅದರಲ್ಲಿ 1,700ಕ್ಕೂ ಹೆಚ್ಚು ಪುಟಗಳಿವೆ.

ಆ ನಿಘಂಟನ್ನು ನೀವು ಒಮ್ಮೆ ಬಿಡಿಸಿ ನೋಡಬೇಕು. ಅಲ್ಲಿ ಕಾವ್ಯದ ಪದಗಳಷ್ಟೇ ಇಲ್ಲ, ಹೊಲದ, ಅಡಿಗೆಮನೆಯ, ಸಂತೆಯ ಪದಗಳೂ ಇವೆ. ಗಾದೆಗಳಿವೆ. ಪದದ ನಂಟರು ತಮಿಳಿನಲ್ಲಿ, ತೆಲುಗಿನಲ್ಲಿ, ತುಳುವಿನಲ್ಲಿ ಎಲ್ಲೆಲ್ಲಿ ಇದ್ದಾರೆಂಬ ಸೂಚನೆ ಇದೆ. ಸಂಸ್ಕೃತದಿಂದ ಕನ್ನಡಕ್ಕೆ ಪದಗಳು ಬಂದವೆಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಕನ್ನಡದಂಥ ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೂ ಪದಗಳು ಹೋಗಿವೆ ಎಂದು ಅವರು ಪಟ್ಟಿ ಮಾಡಿ ವಾದಿಸಿದರು. 1896 ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903 ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಅಂಗಿಯೊಂದು ಹೆಸರಾದ ಬಗೆ

ಈಗ ಹೆಸರಿಗೆ ಬರೋಣ. ‘ಕಿಟ್ಟೆಲ್’ ಎಂದರೆ ನಿಲುವಂಗಿ. ಕೆಲಸ ಮಾಡುವಾಗ ಬಟ್ಟೆಯ ಮೇಲೆ ತೊಡುವ ಸಡಿಲವಾದ ಮೇಲಂಗಿ. ಮಧ್ಯಯುಗದ ಜರ್ಮನ್ ಭಾಷೆಯಲ್ಲೇ ಈ ಪದವಿದೆ. ಹತ್ತಿಯನ್ನು ಸೂಚಿಸುವ ‘ಕುತ್ನ್’ ಎಂಬ ಅರಬ್ಬಿ ಪದದೊಡನೆ ಇದಕ್ಕೆ ನಂಟಿದೆಯೆಂದು ಕೆಲವು ಪಂಡಿತರು ಊಹಿಸಿದ್ದಾರೆ; ಎಲ್ಲರೂ ಒಪ್ಪಿಲ್ಲ. ಇಂಗ್ಲಿಷಿನ ‘ಕಾಟನ್’ ಪದ ಮಾತ್ರ ಆ ಅರಬ್ಬಿ ಮೂಲದಿಂದಲೇ ಬಂದದ್ದು.

ರೈತ ತೊಟ್ಟದ್ದೂ ಕಿಟ್ಟೆಲ್, ಕಮ್ಮಟದವನು ತೊಟ್ಟದ್ದೂ ಕಿಟ್ಟೆಲ್, ಇಂದು ವೈದ್ಯರು ತೊಡುವುದೂ ಕಿಟ್ಟೆಲ್. ಯುರೋಪಿನ ಯಹೂದಿಗಳು ತಮ್ಮ ಅತಿ ಪವಿತ್ರವಾದ ಪ್ರಾಯಶ್ಚಿತ್ತ ದಿನದಂದು ತೊಡುವ ಬಿಳಿಯ ನಿಲುವಂಗಿಗೂ ಇದೇ ಹೆಸರು. ಅವರಲ್ಲಿ ಮದುಮಗ ಮದುವೆಯ ದಿನ ಅದನ್ನು ತೊಡುವುದುಂಟು; ಸತ್ತಾಗ ಅದರಲ್ಲೇ ಮಣ್ಣು ಮಾಡುವುದೂ ಉಂಟು.

ಅಂಗಿಯ ಹೆಸರು ಮನುಷ್ಯನಿಗೆ ಅಂಟಿಕೊಂಡದ್ದು ಹೇಗೆ? ಎರಡು ದಾರಿಗಳಿದ್ದವು. ಅಂಥ ಅಂಗಿ ಹೊಲಿಯುವ ದರ್ಜಿಯನ್ನು ಜನ ಹಾಗೆ ಕರೆದಿರಬಹುದು. ಅಥವಾ ಊರಿನಲ್ಲಿ ಯಾರೋ ಒಬ್ಬ ಸದಾ ಅದನ್ನೇ ತೊಟ್ಟು ತಿರುಗುತ್ತಿದ್ದರೆ ಅವನಿಗೆ ಆ ಅಡ್ಡಹೆಸರು ಬಿದ್ದಿರಬಹುದು. ನಮ್ಮ ಕಡೆಯ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಜವಳಿ, ಕಂಬಳಿ ಎಂಬ ಮನೆತನಗಳನ್ನು ನೆನಪಿಸಿಕೊಳ್ಳಿ. ವಸ್ತುವೇ ಮನೆತನದ ಹೆಸರಾದ ಇಂಥ ಅಡ್ಡಹೆಸರುಗಳ ಸಾಲಿಗೆ ಕಿಟ್ಟೆಲ್ ಸೇರುತ್ತದೆ. ಧಾರವಾಡದ ಜನಕ್ಕೆ ಅದರ ಅರ್ಥ ತಿಳಿದಿದ್ದರೆ ನಿಘಂಟುಕಾರರನ್ನು ‘ನಿಲುವಂಗಿ ಸಾಹೇಬರು’ ಎಂದು ಕರೆಯುತ್ತಿದ್ದರೋ ಏನೋ!

ಇಲ್ಲಿ ಒಂದು ಎಚ್ಚರಿಕೆ. ಕಿಟ್ಟೆಲ್ ಎಂಬುದು ನಮ್ಮ ಕಿವಿಗೆ ಕನ್ನಡದ ಹಾಗೆಯೇ ಕೇಳಿಸುತ್ತದೆ. ಕೃಷ್ಣನನ್ನು ಮುದ್ದಾಗಿ ಕಿಟ್ಟಿ, ಕಿಟ್ಟು ಎನ್ನುತ್ತೇವೆ. ಕಬ್ಬಿಣದ ಕಲ್ಮಶಕ್ಕೆ ಕಿಟ್ಟ ಎನ್ನುತ್ತೇವೆ. ಇವಕ್ಕೂ ಜರ್ಮನ್ ಹೆಸರಿಗೂ ಏನೇನೂ ಸಂಬಂಧವಿಲ್ಲ. ಕಿವಿಗೆ ಒಂದೇ ರೀತಿ ಕೇಳಿದ ಮಾತ್ರಕ್ಕೆ ಎರಡು ಪದಗಳು ನೆಂಟರಾಗುವುದಿಲ್ಲ. ಹೆಸರಿನ ಚರಿತ್ರೆ ಬರೆಯುವವರು ಮೊದಲು ಕಲಿಯಬೇಕಾದ ಪಾಠ ಇದು.

ನಿಘಂಟಿನ ಕಪಾಟಿನಲ್ಲೇ ಒಂದು ಪಾಠ

ಯುರೋಪಿನಲ್ಲಿ ಒಂದು ಕಾಲಕ್ಕೆ ಸಾಮಾನ್ಯರಿಗೆ ಒಂದೇ ಹೆಸರು ಇರುತ್ತಿತ್ತು. ಪಟ್ಟಣಗಳು ಬೆಳೆದವು. ಒಂದೇ ಬೀದಿಯಲ್ಲಿ ಹತ್ತು ಜನ ಯೋಹಾನ್, ಹತ್ತು ಜನ ಹೈನ್ರಿಕ್ ಆದರು. ತೆರಿಗೆ ವಸೂಲು ಮಾಡುವವನಿಗೆ, ಆಸ್ತಿ ಪತ್ರ ಬರೆಯುವವನಿಗೆ ಯಾವ ಯೋಹಾನ್ ಎಂದು ತಿಳಿಯಬೇಕಲ್ಲ? ಹೀಗೆ ಹನ್ನೆರಡನೆಯ ಶತಮಾನದಿಂದೀಚೆಗೆ ಜರ್ಮನ್ ನಾಡುಗಳಲ್ಲಿ ಎರಡನೆಯ ಹೆಸರು ನಿಧಾನವಾಗಿ ನೆಲೆಯೂರಿತು. ಮೊದಮೊದಲು ಅದು ವ್ಯಕ್ತಿಯ ಗುರುತು. ಆಮೇಲೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿದು ಮನೆತನದ ಹೆಸರಾಯಿತು.

ಇಂಥ ಹೆಸರುಗಳಲ್ಲಿ ಮುಖ್ಯವಾಗಿ ನಾಲ್ಕೈದು ಬಗೆ. ಇದನ್ನು ತಿಳಿಯಲು ನೀವು ಜರ್ಮನಿಗೆ ಹೋಗಬೇಕಾಗಿಲ್ಲ. ಕನ್ನಡ ನಿಘಂಟುಗಳ ಕಪಾಟಿನ ಮುಂದೆ ನಿಂತರೆ ಸಾಕು.

ಕಿಟ್ಟೆಲ್ ಹುಟ್ಟಿದ 1832 ರಲ್ಲೇ ಮದರಾಸಿನಲ್ಲಿ ಒಂದು ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅದರ ಕರ್ತೃ ವಿಲಿಯಂ ರೀವ್. ‘ರೀವ್’ ಎಂದರೆ ಹಳೆಯ ಇಂಗ್ಲೆಂಡಿನಲ್ಲಿ ಊರಿನ ಆಡಳಿತ ನೋಡಿಕೊಳ್ಳುವ ಅಧಿಕಾರಿ. ಅಂದರೆ ನಮ್ಮ ಪಾಟೀಲ, ನಮ್ಮ ಗೌಡ! ಇದು ಹುದ್ದೆಯಿಂದ ಬಂದ ಹೆಸರು. ರೀವ್ ನಿಘಂಟನ್ನು 1858 ರಲ್ಲಿ ಪರಿಷ್ಕರಿಸಿದವರು ಡೇನಿಯಲ್ ಸ್ಯಾಂಡರ್‌ಸನ್. ಹಾಗೆಂದರೆ ಸ್ಯಾಂಡರ್‌ನ, ಅಂದರೆ ಅಲೆಕ್ಸಾಂಡರ್‌ನ ಮಗ. ಇದು ತಂದೆಯ ಹೆಸರಿನಿಂದ ಬಂದದ್ದು. ಶಾಲಾ ಮಕ್ಕಳಿಗಾಗಿ ನಿಘಂಟು ಮಾಡಿದ ಬಾಸೆಲ್ ಮಿಷನ್ನಿನ ಎಫ್. ಸೀಗ್ಲರ್ ಇನ್ನೊಬ್ಬ ಜರ್ಮನ್ ಹೆಸರಿನವರು. ‘ಸೀಗ್ಲರ್’ ಎಂದರೆ ಇಟ್ಟಿಗೆ, ಹೆಂಚು ಮಾಡುವವನು. ಇದು ಕಸುಬಿನಿಂದ ಬಂದ ಹೆಸರು. ಇದೇ ಬಾಸೆಲ್ ಮಿಷನ್ 1865 ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಒಂದು ಸ್ವಾರಸ್ಯ. ಕಿಟ್ಟೆಲ್ ಎಂಬುದು ವಸ್ತುವಿನಿಂದ ಬಂದ ಹೆಸರು. 1968 ರಿಂದ 1971 ರವರೆಗೆ ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ತಂದವರು ಎಂ. ಮರಿಯಪ್ಪ ಭಟ್ಟರು, ‘ಭಟ್ಟ’ ಎಂದರೆ ವಿದ್ವಾಂಸ. ಇನ್ನು ನಮ್ಮ ಕಾಲದ ನಿಘಂಟು ಬ್ರಹ್ಮ, 1913 ರಿಂದ 2021 ರವರೆಗೆ ತುಂಬು ಬಾಳು ಬಾಳಿದ ಜಿ. ವೆಂಕಟಸುಬ್ಬಯ್ಯನವರ ಹೆಸರಿನ ‘ಜಿ’ ಯಾವುದು? ಶ್ರೀರಂಗಪಟ್ಟಣದ ಬಳಿಯ ಗಂಜಾಂ. ಅದು ಊರಿನ ಹೆಸರು. ನಮ್ಮಲ್ಲಿನ ಅಫಜಲಪುರಕರ ಎಂಬ ಹೆಸರೂ ಇದೇ ಜಾತಿಯದು.

ನೋಡಿದಿರಾ? ಹುದ್ದೆ, ತಂದೆ, ಕಸುಬು, ವಸ್ತು, ವಿದ್ಯೆ, ಊರು. ಒಂದೇ ಕಪಾಟಿನಲ್ಲಿ ಇಡೀ ಶಾಸ್ತ್ರವೇ ಇದೆ.

ಕಿಟ್ಟೆಲ್ಲರು ಹುಟ್ಟಿದ ಪ್ರಾಂತದ ಕತೆ ಇನ್ನೂ ಸೊಗಸಾಗಿದೆ. ಪೂರ್ವ ಫ್ರಿಸಿಯಾದಲ್ಲಿ ಬಹುಕಾಲ ನಮ್ಮ ಹಳೆಯ ಮೈಸೂರಿನಂತೆಯೇ ಸ್ಥಿರವಾದ ಮನೆತನದ ಹೆಸರು ಹೆಚ್ಚಿನವರಿಗೆ ಇರಲಿಲ್ಲ. ಮಗನ ಹೆಸರಿನ ಜೊತೆ ತಂದೆಯ ಹೆಸರು; ಮೊಮ್ಮಗನಿಗೆ ಮತ್ತೆ ಅವನ ತಂದೆಯ ಹೆಸರು. ಪ್ರತಿ ತಲೆಮಾರಿಗೂ ಎರಡನೆಯ ಹೆಸರು ಬದಲಾಗುತ್ತಿತ್ತು. ಆ ನಾಡು ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದ್ದಾಗ, 1811 ರಲ್ಲಿ, ಎಲ್ಲರೂ ಒಂದು ಸ್ಥಿರವಾದ ಮನೆತನದ ಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಆಜ್ಞೆಯಾಯಿತು. ಸೈನ್ಯಕ್ಕೆ ಹುಡುಗರನ್ನು ಹಿಡಿಯಲು, ತೆರಿಗೆ ಎತ್ತಲು ಸರ್ಕಾರಕ್ಕೆ ಪಟ್ಟಿ ಬೇಕಿತ್ತು. ಜನ ಸುಲಭವಾಗಿ ಒಪ್ಪಲಿಲ್ಲ. ಹಳೆಯ ರೂಢಿ ಮುಂದೆಯೂ ನಡೆಯಿತು. ಆಜ್ಞೆಯಾದ 21 ವರ್ಷಗಳ ಮೇಲೆ ಅಲ್ಲಿ ಹುಟ್ಟಿದ ಕಿಟ್ಟೆಲ್ಲರ ಅಡ್ಡಹೆಸರು ಮಾತ್ರ ತಂದೆಯ ಹೆಸರಿನ ಈ ಜಾಡಿಗೆ ಸೇರಿದ್ದಲ್ಲ. ಈ ಹೆಸರಿನ ಮನೆತನಗಳು ಹಿಂದೆ ಸ್ಯಾಕ್ಸನಿ, ಸೈಲೀಷಿಯಾ ಮತ್ತು ಈಗಿನ ಚೆಕ್ ದೇಶದ ಬೊಹೀಮಿಯಾ ಕಡೆಗಳಲ್ಲಿ ಬಹಳ ಇದ್ದವು. ಹೆಸರುಗಳೂ ಮನುಷ್ಯರಂತೆ ವಲಸೆ ಹೋಗುತ್ತವೆ.

ಒಂದೇ ಹೆಸರು, ಬೇರೆ ಬೇರೆ ಬಾಳು

ಈಗ ಮೇಷ್ಟ್ರ ಕಾರ್ಡಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಿಲುವಂಗಿ ಹೊಲಿಯುವವರು, ತೊಡುವವರು ಒಂದೇ ಊರಿನಲ್ಲಿ ಇರಲಿಲ್ಲ. ನೂರಾರು ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನಕ್ಕೆ ಈ ಹೆಸರು ಬೀಳಬಹುದಿತ್ತು. ಆದ್ದರಿಂದ ಅಡ್ಡಹೆಸರು ಒಂದೇ ಎಂಬುದು ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. ಸಾಕ್ಷಿ ಬೇಕೆಂದರೆ ಚರ್ಚಿನ ಜನನ-ವಿವಾಹ ದಾಖಲೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಓದುತ್ತ ಹೋಗಬೇಕು.

ಚಾರ್ಲ್ಸ್ ಕಿಟ್ಟೆಲ್ 1916 ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದವರು. 1951 ರಿಂದ ಬರ್ಕ್ಲಿಯಲ್ಲಿ ಪಾಠ ಹೇಳಿ, 2019 ರಲ್ಲಿ ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನಮ್ಮ ನಿಘಂಟುಕಾರರ ಮೊಮ್ಮಗನನ್ನಾಗಿ ಮಾಡಿದ್ದು ನನ್ನ ಕಲ್ಪನೆಯೇ ಹೊರತು ಬೇರೇನೂ ಅಲ್ಲ.

ಇನ್ನೊಬ್ಬ ಕಿಟ್ಟೆಲ್ ಇದ್ದಾರೆ. ಅವರ ವಿಷಯ ಹೇಳಲು ಮನಸ್ಸಿಗೆ ಹಿತವಿಲ್ಲ, ಆದರೂ ಹೇಳಬೇಕು. ಗೆರ್ಹಾರ್ಡ್ ಕಿಟ್ಟೆಲ್ ಹುಟ್ಟಿದ್ದು 1888 ರಲ್ಲಿ. ಅವರ ತಂದೆ ರುಡಾಲ್ಫ್ ಕಿಟ್ಟೆಲ್ ಯಹೂದಿಗಳ ಧರ್ಮಗ್ರಂಥದ ಹೀಬ್ರೂ ಮೂಲವನ್ನು ಸಂಪಾದಿಸಿದ ದೊಡ್ಡ ವಿದ್ವಾಂಸ. ಮಗನೂ ವಿದ್ವಾಂಸನೇ, ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಬೃಹತ್ ನಿಘಂಟಿನ ಸಂಪಾದಕ. ಪ್ರಾಧ್ಯಾಪಕನಾಗಿದ್ದದ್ದು ಟ್ಯೂಬಿಂಗೆನ್ನಿನಲ್ಲಿ. ಅದೇ ಅಡ್ಡಹೆಸರು, ಅದೇ ಊರು, ಅದೇ ನಿಘಂಟಿನ ಕೆಲಸ! ಆದರೆ ಈ ಮನುಷ್ಯ 1933 ರಲ್ಲಿ ಹಿಟ್ಲರನ ನಾಟ್ಸಿ ಪಕ್ಷ ಸೇರಿದರು. ಯಹೂದಿಗಳ ಪೌರ ಹಕ್ಕುಗಳನ್ನು ಕಿತ್ತುಕೊಳ್ಳಬೇಕೆಂದು ವಾದಿಸಿ ಬರೆದರು. ಪಾಂಡಿತ್ಯವನ್ನು ದ್ವೇಷದ ಕೈಗೆ ಕೊಟ್ಟರು. 1945 ರಲ್ಲಿ ಯುದ್ಧ ಮುಗಿದಾಗ ಫ್ರೆಂಚ್ ಸೇನೆ ಅವರನ್ನು ಬಂಧಿಸಿತು. 1948 ರಲ್ಲಿ ತೀರಿಕೊಂಡರು. ಯಹೂದಿಗಳು ಪವಿತ್ರ ದಿನದಂದು ತೊಡುವ ನಿಲುವಂಗಿಯ ಹೆಸರನ್ನೇ ಈತ ತನ್ನ ಹೆಸರಾಗಿ ಹೊತ್ತಿದ್ದರೆಂಬುದನ್ನು ನೆನೆದರೆ ವಿಷಾದವಾಗುತ್ತದೆ.

ಅಂದು ರಸಪ್ರಶ್ನೆಯಲ್ಲಿ ನಾನು ಮಾಡಿದ ತಪ್ಪು ಸಿಹಿಯಾದ ತಪ್ಪು; ಒಬ್ಬ ದೊಡ್ಡವರಿಗೆ ಇನ್ನೊಬ್ಬ ದೊಡ್ಡವರನ್ನು ಬಂಧುವಾಗಿಸಿದೆ. ಅದೇ ತರ್ಕವನ್ನು ಇನ್ನೊಬ್ಬರು ಬಳಸಿ, ಗೆರ್ಹಾರ್ಡನ ಪಾಪವನ್ನು ಫರ್ಡಿನೆಂಡರ ತಲೆಗೆ ಕಟ್ಟಿದ್ದರೆ? ನಿಘಂಟುಕಾರರು ತೀರಿಕೊಂಡಾಗ ಗೆರ್ಹಾರ್ಡ್ ಇನ್ನೂ ಹದಿನೈದರ ಹುಡುಗ. ಹೆಸರಿನಿಂದ ಕೀರ್ತಿ ಹರಿಯುತ್ತದೆಂದು ನಂಬುವವರು ಕಳಂಕವೂ ಹರಿಯುತ್ತದೆಂದು ಒಪ್ಪಬೇಕಾಗುತ್ತದೆ. ಎರಡೂ ಸರಿಯಲ್ಲ.

ನಮ್ಮ ಹೆಸರುಗಳ ಮಾತು

ಮಿತ್ರರೇ, ಇದು ದೂರದ ಜರ್ಮನಿಯ ಮಾತಷ್ಟೇ ಅಲ್ಲ. ಕಲಬುರಗಿಗೆ ಓದಲು ಬಂದು ಬಾಡಿಗೆ ಕೋಣೆ ಹುಡುಕಿದವರಿಗೆಲ್ಲ ಒಂದು ಪ್ರಶ್ನೆ ಪರಿಚಿತ. ಹೆಸರು ಹೇಳುತ್ತೀರಿ. ‘ಅದು ಖರೇರಿ, ಅಡ್ಡಹೆಸರೇನ್ರಿ?’ ಎಂದು ಮತ್ತೆ ಕೇಳುತ್ತಾರೆ. ಕೇಳುವವರಿಗೆ ಬೇಕಾದದ್ದು ಹೆಸರಿನ ಅರ್ಥವಲ್ಲ, ಜಾತಿ. ಜರ್ಮನಿಯಲ್ಲಿ ಷ್ಮಿಟ್ ಎಂದರೆ ಕಮ್ಮಾರ, ಮ್ಯೂಲರ್ ಎಂದರೆ ಹಿಟ್ಟಿನ ಗಿರಣಿಯವನು, ಷ್ನೈಡರ್ ಎಂದರೆ ದರ್ಜಿ, ವೇಬರ್ ಎಂದರೆ ನೇಕಾರ. ನಮ್ಮಲ್ಲಿ ಕಂಬಾರ, ಬಡಿಗೇರ, ಕುಂಬಾರ, ಗಾಣಿಗೇರ, ಹೂಗಾರ. ಹೆಸರು ಹುಟ್ಟಿದ ಬಗೆ ಎರಡೂ ಕಡೆ ಒಂದೇ. ವ್ಯತ್ಯಾಸ ಇಷ್ಟೇ: ಅಲ್ಲಿ ಷ್ಮಿಟ್ ಎಂಬವನ ಮನೆಗೆ ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ಇಂದು ಆ ಹೆಸರು ತೀರ್ಮಾನಿಸುವುದಿಲ್ಲ. ನಮ್ಮಲ್ಲಿ ಎಷ್ಟೋ ಸಲ ತೀರ್ಮಾನಿಸುತ್ತದೆ.

ವಿಜ್ಞಾನ ಓದುವವರು ಕಾಂತೀಯ ಅಭಿವಾಹವನ್ನು ‘ವೇಬರ್’ ಎಂಬ ಮಾನದಲ್ಲಿ ಅಳೆಯುತ್ತೀರಿ. 1804 ರಿಂದ 1891 ರವರೆಗೆ ಬದುಕಿದ್ದ ಜರ್ಮನ್ ವಿಜ್ಞಾನಿ ವಿಲ್‌ಹೆಲ್ಮ್ ವೇಬರ್ ಹೆಸರು ಅದು. ಅರ್ಥ ಮಾತ್ರ ನೇಕಾರ. ಸುರಪುರದ ಬಳಿಯ ಮುದನೂರಿನಲ್ಲಿ ಮಗ್ಗದ ಮುಂದೆ ಕುಳಿತು ವಚನ ಹೇಳಿದ ಜೇಡರ ದಾಸಿಮಯ್ಯನ ಹೆಸರಿನ ‘ಜೇಡರ’ ಎಂದರೂ ನೇಕಾರನೇ. ಕಲ್ಯಾಣದ ಶರಣರನ್ನು ನೆನೆಯಿರಿ: ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಕಸುಬಿನ ಹೆಸರನ್ನು ಅವರು ಮುಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡರು. ದುಡಿಮೆಯಲ್ಲಿ ಕೀಳೆಂಬುದಿಲ್ಲ ಎಂಬುದೇ ಅವರ ಮಾತಾಗಿತ್ತು. ಹೆಸರನ್ನು ಬೇಲಿಯಾಗಿಯೂ ಮಾಡಬಹುದು, ಗೌರವವಾಗಿಯೂ ಮಾಡಬಹುದು. ಅದು ಹೆಸರಿನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಸೇಡಂ ರಸ್ತೆಯಲ್ಲೇ ಮುಂದೆ ಹೋಗಿ. ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದದ್ದು ಅಲ್ಲೇ. ಆ ಗ್ರಂಥ ಮೊದಲು ಅಚ್ಚಾದದ್ದು 1898 ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ. ಕಿಟ್ಟೆಲ್ ನಿಘಂಟು ಹೊರಬಂದು ಆಗ ನಾಲ್ಕು ವರ್ಷ. ನಮ್ಮ ಮನೆಯ ಹಿತ್ತಲಲ್ಲಿ ಬರೆದ ಪುಸ್ತಕ ಸಾವಿರ ವರ್ಷ ಓಲೆಯ ಕಟ್ಟಿನಲ್ಲೇ ಇತ್ತು. ಅದಕ್ಕೂ ಮೊದಲೇ ದೂರದ ಸಮುದ್ರದ ದಂಡೆಯಿಂದ ಬಂದವರೊಬ್ಬರು ನಮ್ಮ ಹೊಲದ, ಒಲೆಯ ಮಾತುಗಳನ್ನು ಒಂದೊಂದಾಗಿ ಆರಿಸಿ ಅಚ್ಚಿಗೆ ಕೊಟ್ಟಿದ್ದರು. ಅವರನ್ನು ನಾವು ನೆನೆಯುವುದು ಅವರ ಮನೆತನಕ್ಕಾಗಿ ಅಲ್ಲ, ಈ ಕೆಲಸಕ್ಕಾಗಿ.

ನಿಮಗೊಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಇಂದು ಮನೆಗೆ ಹೋದಾಗ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: ‘ನಮ್ಮ ಅಡ್ಡಹೆಸರು ಹೆಂಗ ಬಂತು?’ ಅವರು ಹೇಳಿದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅದರ ಕೆಳಗೆ ಒಂದು ಗೆರೆ ಎಳೆದು, ಇದಕ್ಕೆ ಆಧಾರವೇನು ಎಂದು ಬರೆಯಿರಿ. ಹೊಲದ ಪಹಣಿಯೋ, ಶಾಲೆಯ ದಾಖಲೆಯೋ, ದೇವಸ್ಥಾನದ ಕಲ್ಲೋ ಏನಾದರೂ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ. ನಾನು ಅಂದು ಆ ಜಾಗವನ್ನು ಖಾಲಿ ಬಿಡದೆ ಕತೆ ಬರೆದಿದ್ದೆ. ನೀವು ಹಾಗೆ ಮಾಡಬೇಡಿ.

ಮತ್ತು ನಾಳೆ ಪ್ರಯೋಗಾಲಯದಲ್ಲಿ ಬಿಳಿಯ ಕೋಟು ತೊಡುವಾಗ ಒಂದು ಕ್ಷಣ ನೆನಪಿಸಿಕೊಳ್ಳಿ: ನೀವು ತೊಟ್ಟದ್ದು ಒಂದು ಕಿಟ್ಟೆಲ್. ಅದನ್ನು ಹೊಲಿದವನ ಜಾತಿ ಯಾವುದೆಂದು ಆ ಕೋಟು ಕೇಳುವುದಿಲ್ಲ. ತೊಟ್ಟವರ ಅಡ್ಡಹೆಸರನ್ನೂ ಕೇಳುವುದಿಲ್ಲ.